ಓದುಗರು ಕೇಳಿದ್ದು: ಉಪದ್ರದ ಹೊತ್ತಿಗೆ ವಿಶ್ವಾಸ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಭಯದ ಸುತ್ತ ಇದ್ದವು. ಬರೆದವರ ಗುರುತು ಸಿಗದ ಹಾಗೆ ಆರು ಪ್ರಶ್ನೆಗಳನ್ನು ಆಯ್ದಿದ್ದೇವೆ. ಒಬ್ಬ ಧರ್ಮಗುರು, ಒಬ್ಬ ಸಭಾಪಾಲಕರು, ಒಬ್ಬ ವಕೀಲೆ ಒಟ್ಟಿಗೆ ಕೂತು ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಪ್ರತಿ ಶುಕ್ರವಾರ ಸಂಜೆ ಹತ್ತು ಹನ್ನೆರಡು ಜನ ಸೇರಿ ಪ್ರಾರ್ಥನೆ ಮಾಡುತ್ತೇವೆ. ಹೋದ ತಿಂಗಳು ಏಳೆಂಟು ಹುಡುಗರು ಅಂಗಳಕ್ಕೆ ಬಂದು, “ಇನ್ನೊಮ್ಮೆ ನಡೆದರೆ ನೋಡಿ” ಎಂದು ಜೋರು ಮಾಡಿ ಹೋದರು. ನಿಲ್ಲಿಸುವ ಅಂತ ನಮ್ಮ ಯಜಮಾನರು ಹೇಳುತ್ತಾರೆ. ನಿಲ್ಲಿಸಿದರೆ ಯೇಸುವನ್ನು ಬಿಟ್ಟ ಹಾಗಾಗುವುದಿಲ್ಲವೇ? — ಓದುಗರು, ಕಾಪು

ಉತ್ತರ: ಪ್ರಾರ್ಥನೆ ಬೇರೆ, ಅದರ ವಾರ, ಹೊತ್ತು, ಜಾಗ ಬೇರೆ. ಮೊದಲನೆಯದನ್ನು ಬಿಡಬಾರದು. ಉಳಿದದ್ದನ್ನು ಧಾರಾಳ ಬದಲಿಸಬಹುದು. ಕ್ರಿ.ಶ. 112ರ ಸುಮಾರಿಗೆ ರೋಮನ್ ಅಧಿಕಾರಿ ಪ್ಲಿನಿ ಚಕ್ರವರ್ತಿ ಟ್ರಾಜನನಿಗೆ ಬರೆದ ಕಾಗದವೊಂದು ಉಳಿದಿದೆ. ಕ್ರೈಸ್ತರು ಗೊತ್ತಾದ ದಿನ ಬೆಳಕು ಹರಿಯುವ ಮೊದಲೇ ಸೇರಿ ಕ್ರಿಸ್ತನಿಗೆ ಸ್ತೋತ್ರ ಹಾಡುತ್ತಾರೆ, ಕದಿಯುವುದಿಲ್ಲ, ಮಾತಿಗೆ ತಪ್ಪುವುದಿಲ್ಲ ಎಂದು ಆಣೆ ಮಾಡುತ್ತಾರೆ ಎಂದು ಅದರಲ್ಲಿದೆ. ಅವರು ಮತ್ತೆ ಸೇರಿ ಊಟ ಮಾಡುವ ಕ್ರಮವೂ ಇತ್ತು. ಸಂಘ ಕಟ್ಟಬಾರದೆಂಬ ಆಜ್ಞೆ ಬಂದ ಮೇಲೆ ಅದನ್ನು ಬಿಟ್ಟರಂತೆ. ನಿಮ್ಮವರ ಮಾತನ್ನೂ ಹಾಗೆಯೇ ತೂಗಿ ನೋಡಿ. ಒಂದು ವಾರ ನಿಮ್ಮಲ್ಲಿ, ಒಂದು ವಾರ ಇನ್ನೊಬ್ಬರಲ್ಲಿ, ಆರು ಆರು ಜನರ ಎರಡು ಗುಂಪು, ಸಂಜೆಯ ಬದಲು ಬೆಳಿಗ್ಗೆ: ಇದ್ಯಾವುದೂ ಹಿಂಜರಿಕೆಯಲ್ಲ. ಭಯದಲ್ಲಿರುವ ಗಂಡನನ್ನು ವಿಶ್ವಾಸ ಕಡಿಮೆ ಎಂದು ಚುಚ್ಚಬೇಡಿ. ಒಂದೂರಲ್ಲಿ ಹಿಂಸಿಸಿದರೆ ಇನ್ನೊಂದೂರಿಗೆ ಓಡಿಹೋಗಿ ಎಂದು ಹೇಳಿದವನು ಯೇಸುವೇ (ಮತ್ತಾಯ 10:23).

ಕೂಟ ನಡೆಸುವವರು ತಮ್ಮ ಕಡೆಯಿಂದ ಸರಿಮಾಡಿಕೊಳ್ಳಬೇಕಾದದ್ದೂ ಇದೆ, ಮುಚ್ಚಿಡದೆ ಹೇಳುತ್ತೇವೆ. ಮೈಕ್ ಬೇಡ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ ಇರುವುದು ಎಲ್ಲರಿಗೂ ಗೊತ್ತು, ಆದರೆ ವಸತಿ ಪ್ರದೇಶದಲ್ಲಿ ಹಗಲಿನ ಮಿತಿಯೂ ಬರೀ 55 ಡೆಸಿಬಲ್. ಬಂದವರ ಸ್ಕೂಟರು ಪಕ್ಕದ ಮನೆಯ ಗೇಟಿಗೆ ಅಡ್ಡ ನಿಲ್ಲಬಾರದು. ಅಪ್ಪ ಅಮ್ಮ ಜೊತೆಯಲ್ಲಿಲ್ಲದ ಬೇರೆ ಮನೆಯ ಮಕ್ಕಳನ್ನು ಕೂರಿಸಿಕೊಳ್ಳಬೇಡಿ. “ಬಂದರೆ ಕಾಯಿಲೆ ಗುಣವಾಗುತ್ತದೆ” ಎಂದು ಯಾರಿಗೂ ಮಾತು ಕೊಡಬೇಡಿ. ಕಾಯಿಲೆಯವರಿಗಾಗಿ ಪ್ರಾರ್ಥಿಸಿ, ಔಷಧ ನಿಲ್ಲಿಸಬೇಡಿ ಎಂದೂ ಹೇಳಿ. ಬಡವರಿಗೆ ಅಕ್ಕಿ, ಫೀಸು ಕೊಡುವ ಕೆಲಸವಿದ್ದರೆ ಅದು ಬೇರೆ ದಿನ, ಬೇರೆ ಜಾಗದಲ್ಲಿ, ಎಲ್ಲ ಜಾತಿ ಮತದವರಿಗೂ ನಡೆಯಲಿ. ಆಮಿಷ ಒಡ್ಡಿದರು ಎಂಬ ಆರೋಪ ಹುಟ್ಟುವುದು ಹೆಚ್ಚಾಗಿ ಇವೆರಡು ಒಂದೇ ಕೋಣೆಯಲ್ಲಿ ನಡೆದಾಗ. ಪೇತ್ರನು ತನ್ನ ಮೊದಲ ಪತ್ರದಲ್ಲಿ (4:15) ಕೊಲೆಗಾರ, ಕಳ್ಳ ಎಂಬ ಸಾಲಿನಲ್ಲೇ ಪರರ ಕಾರ್ಯದಲ್ಲಿ ತಲೆಹಾಕುವವನನ್ನೂ ಸೇರಿಸಿ, ಅಂಥವರಾಗಿ ಬಾಧೆಪಡಬೇಡಿ ಎನ್ನುತ್ತಾನೆ.

ಪಕ್ಕದ ಮನೆಗಳಿಗೆ ಹಗಲು ಹೊತ್ತು ಹೋಗಿ, ಏನು ನಡೆಯುತ್ತದೆ, ಎಷ್ಟು ಹೊತ್ತು, ಯಾರು ಬರುತ್ತಾರೆ ಎಂದು ನೀವೇ ತಿಳಿಸಿ. ಟಿಪ್ಪುವಿನ ಕಾಲದಲ್ಲಿ, 1784ರಲ್ಲಿ, ಕರಾವಳಿಯ ಇಗರ್ಜಿಗಳು ನೆಲಸಮವಾದಾಗ ಮೂಡುಬಿದಿರೆಯ ಹೊಸ್ಪೆಟ್ ಇಗರ್ಜಿ ಉಳಿದದ್ದು ಜೈನ ಚೌಟ ಅರಸರ ಸ್ನೇಹದಿಂದ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಅಂಥ ಸ್ನೇಹ ಗಲಾಟೆಯ ದಿನ ಹುಟ್ಟುವುದಿಲ್ಲ.

ಮತ್ತೆ ಬಂದರೆ ಏನು ಮಾಡುವುದು? ಮೊದಲೇ ಕೆಲಸ ಹಂಚಿಕೊಳ್ಳಿ. ಬಾಗಿಲಿಗೆ ಹೋಗಿ ಮಾತಾಡುವವರು ಒಬ್ಬರೇ, ಮನೆಯ ಹಿರಿಯರು ಅಥವಾ ಬೇಗ ಸಿಟ್ಟು ಬಾರದವರು. ಉಳಿದವರು ಕೂತಲ್ಲಿಂದ ಏಳಬಾರದು. ಹತ್ತು ಜನ ಒಟ್ಟಿಗೆ ಎದ್ದರೆ ಹೊರಗಿನವರಿಗೆ ಅದು ಜಗಳಕ್ಕೆ ಬಂದ ಹಾಗೆ ಕಾಣುತ್ತದೆ. ಒಬ್ಬರು ಮಕ್ಕಳನ್ನು ಒಳಕೋಣೆಗೆ ಕರೆದುಕೊಂಡು ಹೋಗಲಿ. ಒಬ್ಬರು 112ಕ್ಕೆ ಫೋನ್ ಮಾಡಿ ಮನೆಯ ಗುರುತು, ಎಷ್ಟು ಜನ, ಕೈಯಲ್ಲಿ ಏನಾದರೂ ಇದೆಯೇ, ಈ ಮೂರನ್ನು ಹೇಳಲಿ. ಇನ್ನೊಬ್ಬರು ಕೂತಲ್ಲಿಂದಲೇ ಚಿತ್ರೀಕರಿಸಲಿ, ಮುಖದ ಹತ್ತಿರ ಮೊಬೈಲ್ ಹಿಡಿಯುವುದು ಬೇಡ. ಆ ವಿಡಿಯೋವನ್ನು ವಾಟ್ಸಾಪಿನಲ್ಲಿ ಕಳುಹಿಸಿ ಮೂಲವನ್ನು ಅಳಿಸಿಬಿಡುವವರು ತುಂಬ. ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ, ಒಳಗಿದ್ದ ಸಮಯ ಮತ್ತು ಜಾಗದ ವಿವರವೂ ಹೋಗುತ್ತದೆ. ಕೋರ್ಟಿಗೆ ಬೇಕಾಗುವುದು ಮೂಲ ಫೈಲು, ಜೊತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ. ಖಾಲಿ ಹಾಳೆಗಾಗಲಿ, ಓದದ ಮುಚ್ಚಳಿಕೆಗಾಗಲಿ ಸಹಿ ಹಾಕಬೇಡಿ, “ಇಲ್ಲಿಗೆ ಮುಗಿಸುವ” ಎಂದು ಯಾರೇ ಹೇಳಿದರೂ.

ದೂರು ಅದೇ ದಿನ ಕೊಡಿ. ಹೆಚ್ಚಿನ ದೂರುಗಳು ಕೆಡುವುದು ಒಂದೇ ವಾಕ್ಯದಲ್ಲಿ: “ಬೆದರಿಸಿದರು” ಎಂದಷ್ಟೇ ಬರೆದಿರುತ್ತಾರೆ. ಬರೀ ಬೆದರಿಕೆ ಅಸಂಜ್ಞೇಯ ಅಪರಾಧ. ನ್ಯಾಯಾಧೀಶರ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ, ಹಾಗಾಗಿ ಎಫ್‌ಐಆರ್ ಆಗುವುದಿಲ್ಲ. ನಡೆದದ್ದನ್ನೆಲ್ಲ ಬರೆಯಿರಿ: ಗೇಟು ತೆಗೆದು ಒಳಗೆ ಬಂದರು (ಅತಿಕ್ರಮ ಪ್ರವೇಶ, ಭಾರತೀಯ ನ್ಯಾಯ ಸಂಹಿತೆ 329), ಹೊರಗೆ ಹೋಗಲು ಬಿಡಲಿಲ್ಲ (126), ನಡೆಯುತ್ತಿದ್ದ ಪ್ರಾರ್ಥನೆ ನಿಲ್ಲಿಸಿದರು (300), ಶಿಲುಬೆ ಅಥವಾ ಬೈಬಲ್ ಹಾಳು ಮಾಡಿದರು (298). ಆಗಿಲ್ಲದ್ದನ್ನು ಒಂದಕ್ಷರವೂ ಸೇರಿಸಬೇಡಿ. ಬರೆದದ್ದನ್ನು ಓದಿಸಿಕೊಂಡು ಸಹಿ ಮಾಡಿ, ಎಫ್‌ಐಆರ್ ಪ್ರತಿ ಉಚಿತವಾಗಿ ಪಡೆಯಿರಿ. ತೆಗೆದುಕೊಳ್ಳದಿದ್ದರೆ ಹಿಂಬರಹ ಕೇಳಿ; ಆಮೇಲೆ ಉಡುಪಿಯಲ್ಲಾದರೆ ಎಸ್ಪಿಗೆ, ಮಂಗಳೂರು ನಗರದಲ್ಲಾದರೆ ಕಮಿಷನರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟು. ಪೆಟ್ಟಾಗಿದ್ದರೆ ಮೊದಲು ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೋ ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೋ ಹೋಗಿ, ಹೊಡೆದರು ಎಂದೇ ದಾಖಲಿಸಿ. “ಬಿದ್ದೆ” ಎಂದು ಬರೆಸಿದರೆ ಕೇಸು ಅಲ್ಲೇ ಸತ್ತಿತು.

ಪ್ರಶ್ನೆ: ಶತ್ರುಗಳನ್ನು ಪ್ರೀತಿಸಿ ಎಂದು ಯೇಸು ಹೇಳಿರುವಾಗ ಪೊಲೀಸ್ ಠಾಣೆಗೆ ಹೋಗುವುದು ಸರಿಯೇ? — ಓದುಗರು, ಕಾರ್ಕಳ

ಉತ್ತರ: ಸರಿ. ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಹೊಡೆಸಿ ಸೆರೆಗೆ ಹಾಕಿದ ಅಧಿಕಾರಿಗಳು ಬೆಳಿಗ್ಗೆ ಗುಟ್ಟಾಗಿ ಬಿಟ್ಟುಕಳುಹಿಸಲು ನೋಡಿದಾಗ ಪೌಲ ಒಪ್ಪಲಿಲ್ಲ. ನಾವು ರೋಮಿನ ಪ್ರಜೆಗಳು, ಅವರೇ ಬಂದು ನಮ್ಮನ್ನು ಹೊರಗೆ ಕರಕೊಂಡು ಹೋಗಲಿ ಎಂದ (ಅಪೊಸ್ತಲರ ಕೃತ್ಯಗಳು 16:37). ಅದರಿಂದ ಆ ಊರಿನ ಹೊಸ ವಿಶ್ವಾಸಿಗಳಿಗೆ ರಕ್ಷಣೆ ಸಿಕ್ಕಿರಬೇಕು. ಮುಂದೆ ಕೈಸರನ ನ್ಯಾಯಾಸನಕ್ಕೇ ಮೇಲ್ಮನವಿ ಹಾಕಿದ. ಯೇಸುವೂ ಮಹಾಯಾಜಕನ ಮುಂದೆ ಕೆನ್ನೆಗೆ ಪೆಟ್ಟು ಬಿದ್ದಾಗ, ನಾನು ತಪ್ಪಾಗಿ ಮಾತಾಡಿದ್ದರೆ ತೋರಿಸು, ಸರಿಯಾಗಿದ್ದರೆ ಯಾಕೆ ಹೊಡೆಯುತ್ತೀ ಎಂದು ಕೇಳಿದ (ಯೋಹಾನ 18:23). ತಿರುಗಿ ಹೊಡೆಯಲಿಲ್ಲ, ಪ್ರಶ್ನಿಸದೆಯೂ ಬಿಡಲಿಲ್ಲ.

ಕ್ಷಮಿಸುವವರು ನೀವು, ಶಿಕ್ಷೆ ಕೊಡುವುದು ಬಿಡುವುದು ನ್ಯಾಯಾಲಯದ ಕೆಲಸ. ದೂರು ಕೊಟ್ಟ ರಾತ್ರಿಯೇ ಆ ಹುಡುಗರಿಗಾಗಿ, ಹೆಸರು ಗೊತ್ತಿದ್ದರೆ ಹೆಸರು ಹಿಡಿದು ಪ್ರಾರ್ಥಿಸಿ. ಹೆಸರು ಹಿಡಿಯುವುದು ಮುಖ್ಯ. “ಅವರು” ಎಂದಾಗ ಇಡೀ ಒಂದು ಸಮುದಾಯ ಮನಸ್ಸಿಗೆ ಬರುತ್ತದೆ, ದ್ವೇಷ ಒಳಗೆ ಬರುವುದು ಅಲ್ಲಿಂದ.

ಆದರೆ ಬೀದಿಗಿಳಿದು ಕಲ್ಲು ಹಿಡಿಯುವುದಕ್ಕೆ ಈ ವಚನಗಳಲ್ಲಿ ಆಧಾರವಿಲ್ಲ. 2008ರ ಸೆಪ್ಟೆಂಬರ್ 14, ಭಾನುವಾರ, ಮಂಗಳೂರಿನ ಮಿಲಾಗ್ರಿಸ್ ಇಗರ್ಜಿ ಬಳಿಯ ಆರಾಧನಾ ಮಠವೂ ಸೇರಿ ಹಲವು ಪ್ರಾರ್ಥನಾಲಯಗಳ ಮೇಲೆ ದಾಳಿಯಾದ ಮೇಲೆ ಪ್ರತಿಭಟನೆಗೆ ಸೇರಿದವರಿಗೂ ಪೊಲೀಸರಿಗೂ ಘರ್ಷಣೆಯಾಗಿ, ಪೆಟ್ಟು ತಿಂದ ಕಡೆಯ ಯುವಕರ ಮೇಲೂ ಕೇಸು ಬಿತ್ತು. ಮನೆಯಲ್ಲಿ ಹರೆಯದ ಗಂಡುಮಕ್ಕಳಿದ್ದರೆ ಇದನ್ನು ಮುಂಚಿತವಾಗಿಯೇ ಹೇಳಿಡಿ. ಆ ಹೊತ್ತಿಗೆ ಹೇಳಿದರೆ ಕೇಳುವುದಿಲ್ಲ.

ಪ್ರಶ್ನೆ: ನಮ್ಮದು ಕೊರಗ ಸಮುದಾಯ. ಜ್ಞಾನಸ್ನಾನ ಪಡೆದರೆ ಸರ್ಟಿಫಿಕೇಟ್ ಹೋಗುತ್ತದೆ ಎಂದು ಹೆದರಿಸುತ್ತಿದ್ದಾರೆ. — ಓದುಗರು, ಕುಂದಾಪುರ

ಉತ್ತರ: ಕೊರಗರು ಪರಿಶಿಷ್ಟ ಪಂಗಡ. ಪಂಗಡದ ಮಾನ್ಯತೆಗೆ ಧರ್ಮದ ಷರತ್ತಿಲ್ಲ, ಆದ್ದರಿಂದ ಜ್ಞಾನಸ್ನಾನ ಒಂದರಿಂದಲೇ ಅದು ಹೋಗುವುದಿಲ್ಲ. ಪರಿಶಿಷ್ಟ ಜಾತಿಯವರ ವಿಷಯ ಬೇರೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಆ ಮಾನ್ಯತೆ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಕ್ರೈಸ್ತರಾದ ಪರಿಶಿಷ್ಟ ಜಾತಿಯವರು ಕರ್ನಾಟಕದಲ್ಲಿ ಹಿಂದುಳಿದ ವರ್ಗಗಳ ಪ್ರವರ್ಗ 1ಕ್ಕೆ ಬರುತ್ತಾರೆ. ಎರಡೂ ಕಡೆ ಕಾಲಿಟ್ಟು, ಇಗರ್ಜಿಯಲ್ಲಿ ಒಂದು ಕಚೇರಿಯಲ್ಲಿ ಒಂದು ಹೇಳಬೇಡಿ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅಂಥದೇ ಒಂದು ಪ್ರಕರಣದಲ್ಲಿ, ಮೀಸಲಾತಿಗಾಗಿ ಮಾತ್ರ ಹಿಂದೂ ಎನ್ನುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದಿತು. ಅದು ಬರೀ ಕಾನೂನಿನ ತೊಡಕಲ್ಲ, ವಿಶ್ವಾಸದ್ದೂ ಹೌದು.

ಇನ್ನೊಂದು ಮಾತು. ಮತಾಂತರಕ್ಕೆ ಮುಂಚಿತ ಘೋಷಣೆ ಕೇಳುವ ಕಾಯ್ದೆ ರಾಜ್ಯದಲ್ಲಿ 2022ರಲ್ಲಿ ಬಂತು, 2023ರ ಜೂನಿನಲ್ಲಿ ಅದನ್ನು ರದ್ದುಪಡಿಸಲು ಸಚಿವ ಸಂಪುಟ ತೀರ್ಮಾನಿಸಿತು. ಜ್ಞಾನಸ್ನಾನದ ದಿನ ಗೊತ್ತುಮಾಡುವ ಮೊದಲು ಆ ಹೊತ್ತಿಗೆ ಜಾರಿಯಲ್ಲಿರುವ ನಿಯಮವನ್ನು ವಕೀಲರಿಂದ ಬರವಣಿಗೆಯಲ್ಲಿ ಪಡೆದುಕೊಳ್ಳಿ.

ಪ್ರಶ್ನೆ: ನಾನು ಗುತ್ತಿನ ಮನೆಯವನು, ಮೂರು ವರ್ಷದ ಹಿಂದೆ ದೀಕ್ಷಾಸ್ನಾನ ಪಡೆದೆ. ಈ ಸಲ ಮನೆಯಲ್ಲಿ ದೈವದ ನೇಮ. ವಂತಿಗೆ ಕೊಟ್ಟು ಚಾವಡಿಯಲ್ಲಿ ನಿಲ್ಲದಿದ್ದರೆ ಆಸ್ತಿಯಲ್ಲಿ ಪಾಲಿಲ್ಲ ಎಂದು ಸೋದರಮಾವಂದಿರು ಹೇಳುತ್ತಾರೆ. ಅಮ್ಮ ದಿನಾ ಅಳುತ್ತಾರೆ. — ಓದುಗರು, ಬೆಳ್ತಂಗಡಿ

ಉತ್ತರ: ಹೊರಗಿನವರ ಬೈಗುಳಕ್ಕಿಂತ ಅಮ್ಮನ ಅಳು ಕಷ್ಟ. ಅದನ್ನು ತಿಳಿದೇ ಬರೆಯುತ್ತಿದ್ದೇವೆ.

ನೇಮಕ್ಕೆ ಒಂದು ತಿಂಗಳಾದರೂ ಇರುವಾಗ ಯಜಮಾನ ಮಾವನನ್ನು ಒಬ್ಬರೇ ಹೋಗಿ ನೋಡಿ. ನೇಮದ ದಿನ ಹೇಳಿದರೆ ಅದು ಹತ್ತು ಸಮಸ್ತರ ಎದುರು ಮನೆತನದ ಮಾನ ತೆಗೆದ ಹಾಗೆ. ಆಮೇಲೆ ನಿಮ್ಮ ವಿಶ್ವಾಸದ ಮಾತನ್ನು ಯಾರೂ ಕೇಳುವುದಿಲ್ಲ, ಮರ್ಯಾದೆಯ ಮಾತೇ ಉಳಿಯುತ್ತದೆ. ಹೀಗೆ ಹೇಳಬಹುದು: “ಮಾವ, ನಾನು ಈ ಮನೆಯ ಮಗ, ಅದರಲ್ಲಿ ಬದಲಿಲ್ಲ. ದೈವದ ಎದುರು ಕೈಮುಗಿಯುವುದು, ಬೂಳ್ಯ, ಗಂಧ ಪ್ರಸಾದ ತೆಗೆದುಕೊಳ್ಳುವುದು ನನ್ನಿಂದ ಆಗುವುದಿಲ್ಲ. ಮನಸ್ಸಿಲ್ಲದೆ ಕೈಮುಗಿದರೆ ಅದು ನಿಮಗೂ ಮೋಸ. ಬೇರೆ ಯಾವ ಕೆಲಸ ಇದ್ದರೂ ಹೇಳಿ.” ಹೀಗೆ ಹೇಳಿದವರು ನಿಜವಾಗಿಯೂ ಕೆಲಸಕ್ಕೆ ನಿಲ್ಲಬೇಕು. ಮಾಡು ರಿಪೇರಿ, ಬಾವಿಕಟ್ಟೆ, ಅಂಗಳ ಹದ ಮಾಡುವುದು, ನೆಂಟರನ್ನು ಸ್ಟೇಷನ್ನಿನಿಂದ ಕರೆತರುವುದು, ಅಮ್ಮನ ಆಸ್ಪತ್ರೆ ಖರ್ಚು ಇದ್ದೇ ಇದೆ. ವಂತಿಗೆಯ ಮೊತ್ತ ಎಷ್ಟೋ ಅದಕ್ಕಿಂತ ಸ್ವಲ್ಪ ಹೆಚ್ಚನ್ನೇ ಮನೆಯ ಮಾಡಿಗೆ ಎಂದು ಹೇಳಿ ಕೊಡಿ. ದುಡ್ಡು ಉಳಿಸಲು ಮತ ಬಿಟ್ಟ ಎಂಬ ಮಾತು ಅಲ್ಲಿಗೆ ಬೀಳುತ್ತದೆ.

ಊಟದ ಬಗ್ಗೆ ಪೌಲನ ಮಾತು ಸ್ಪಷ್ಟ. ಬಡಿಸಿದ್ದನ್ನು ಪ್ರಶ್ನೆ ಕೇಳದೆ ಉಣ್ಣಿ. ಇದು ಅರ್ಪಿಸಿದ್ದು ಎಂದು ಯಾರಾದರೂ ಹೇಳಿದರೆ ಹೇಳಿದವನ ಮನಸ್ಸಾಕ್ಷಿಗಾಗಿ ಬಿಡಿ (1 ಕೊರಿಂಥ 10:27–28). ದೈವಕ್ಕೆ ಬಡಿಸುವ ಅಗೆಲಿನ ಕೋಳಿ ಅರ್ಪಿಸಿದ್ದೇ, ಅದನ್ನು ಯಾರೂ ಹೇಳಬೇಕಾಗಿಲ್ಲ. ನೆಂಟರಿಗೆ ಹಾಕುವ ಸಾಮಾನ್ಯ ಊಟದಲ್ಲಿ ಸಭೆ ಸಭೆಗಳ ಅಭಿಪ್ರಾಯ ಬೇರೆ ಬೇರೆ; ಕೂತು ಉಣ್ಣಬಹುದು ಎಂಬುದು ನಮ್ಮ ಮೂವರ ತೀರ್ಮಾನ. ಇನ್ನು ದೈವವನ್ನು ಸೈತಾನ ಎಂದು ಕರೆಯುವುದು, ಕೋಲದ ವಿಡಿಯೋ ಹಾಕಿ ಹೀಯಾಳಿಸುವುದು: ಇದನ್ನು ಧೈರ್ಯ ಎಂದುಕೊಂಡವರಿದ್ದಾರೆ. ಹಾಗೆ ಮಾಡಿ ಪೆಟ್ಟು ತಿಂದರೆ ಅದು ಕ್ರಿಸ್ತನಿಗಾಗಿ ತಿಂದ ಪೆಟ್ಟಲ್ಲ. ನಿರೀಕ್ಷೆಗೆ ಕಾರಣ ಕೇಳಿದವರಿಗೆ ಉತ್ತರ ಕೊಡಿ ಎಂದ ಪೇತ್ರನೇ ಅದನ್ನು ಸೌಮ್ಯವಾಗಿ, ಮರ್ಯಾದೆಯಿಂದ ಕೊಡಿ ಎಂದೂ ಸೇರಿಸಿದ್ದಾನೆ.

ಪಾಲಿನ ವಿಷಯ. ಮತಾಂತರವಾದವನಿಗೆ ಪಾಲಿಲ್ಲ ಎಂಬುದು ತಪ್ಪು. ಹಿಂದೂ ಉತ್ತರಾಧಿಕಾರ ಕಾಯ್ದೆಯ 26ನೇ ಕಲಮು ತಡೆಯುವುದು ಮತಾಂತರದ ನಂತರ ಹುಟ್ಟಿದ ಮಕ್ಕಳನ್ನು, ಅದೂ ಹಿಂದೂ ಬಂಧುಗಳ ಆಸ್ತಿಗೆ. ನಿಮ್ಮ ಹಕ್ಕು ಹಾಗೆಯೇ ಇದೆ. ಆದ್ದರಿಂದ ಅಳು, ಸಿಟ್ಟಿನ ನಡುವೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಡಿ, ಮಕ್ಕಳಿದ್ದರೆ ನಿಮ್ಮ ಪಾಲನ್ನು ವಿಭಾಗ ಪತ್ರದಲ್ಲಿ ನೋಂದಾಯಿಸಿಕೊಳ್ಳಿ. ಮಾವನ ಸ್ವಯಾರ್ಜಿತ ಆಸ್ತಿ ಮಾತ್ರ ಅವರಿಷ್ಟ, ಉಯಿಲು ಬರೆದು ಯಾರಿಗೂ ಕೊಡಬಹುದು. ಅದನ್ನು ಕಳೆದುಕೊಳ್ಳುವುದಕ್ಕೆ ಮನಸ್ಸು ಗಟ್ಟಿಮಾಡಿಕೊಂಡೇ ಮಾತಿಗೆ ಹೋಗಿ. 1844ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದ ಆನಂದರಾಯ ಕೌಂಡಿನ್ಯರ ಕಾಲದಿಂದಲೂ ನಮ್ಮೂರಲ್ಲಿ ಮನೆ ಬಿಟ್ಟು ಬಂದವರ ಸಾಲಿದೆ. ಹಾಗೆ ಕುಲ, ಕಸುಬು ಎರಡೂ ಹೋದವರಿಗೆ ದುಡಿಮೆ ಬೇಕೆಂದೇ ಬಾಸೆಲ್ ಮಿಷನ್ ನೇಯ್ಗೆ ಹಾಕಿತು, 1865ರಲ್ಲಿ ಜಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ದೀಕ್ಷಾಸ್ನಾನ ಕೊಟ್ಟ ಸಭೆ ಅಷ್ಟಕ್ಕೆ ಕೈತೊಳೆದುಕೊಳ್ಳಬಾರದು. ನಿಮ್ಮ ಸಭೆಯ ಹಿರಿಯರಿಗೆ ಈ ಉತ್ತರ ತೋರಿಸಿ.

ಪ್ರಶ್ನೆ: ಬೇರೆ ರಾಜ್ಯದಲ್ಲಿ ಇಗರ್ಜಿ ಸುಡುವ ವಿಡಿಯೋಗಳು ನಮ್ಮ ಗುಂಪಿನಲ್ಲಿ ಬರುತ್ತವೆ. ಜಾಗೃತಿಗಾಗಿ ಮುಂದಕ್ಕೆ ಕಳುಹಿಸಬಹುದೇ? — ಓದುಗರು, ಸುರತ್ಕಲ್

ಉತ್ತರ: ಎಲ್ಲಿ, ಯಾವ ದಿನ, ಯಾರು ತೆಗೆದದ್ದು ಎಂಬ ಮೂರೂ ಗೊತ್ತಿಲ್ಲದಿದ್ದರೆ ಬೇಡ. ಹಳೆಯ ವಿಡಿಯೋಗೆ ಹೊಸ ಊರಿನ ಹೆಸರು ಕಟ್ಟಿ ಬಿಡುವವರಿದ್ದಾರೆ, ಸಿಕ್ಕಿಬೀಳುವುದು ಮುಂದಕ್ಕೆ ಕಳುಹಿಸಿದವರು. ಗುಂಪುಗಳ ನಡುವೆ ದ್ವೇಷ ಹಬ್ಬಿಸುವುದಕ್ಕೆ ನ್ಯಾಯ ಸಂಹಿತೆಯ 196ನೇ ಕಲಮಿನಲ್ಲಿ 3 ವರ್ಷದವರೆಗೆ ಸೆರೆ ಇದೆ.

ಪ್ರಶ್ನೆ: ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಜನ ಅಡ್ಡಹಾಕಿ, ಬ್ಯಾಗಿನಲ್ಲಿದ್ದ ಬೈಬಲ್ ತೆಗೆದು, ನೀನು ಕ್ರಿಸ್ತನವನಾ ಎಂದು ಕೇಳಿದರು. ಅಲ್ಲ, ಯಾರದ್ದೋ ಪುಸ್ತಕ ಎಂದುಬಿಟ್ಟೆ. ಎರಡು ತಿಂಗಳಾಯಿತು, ಪೂಜೆಗೆ ಹೋಗಿಲ್ಲ. ನನಗೆ ಇನ್ನು ಪರಮಪ್ರಸಾದ ತೆಗೆದುಕೊಳ್ಳುವ ಯೋಗ್ಯತೆ ಇದೆಯೇ? — ಓದುಗರು, ಮೂಡುಬಿದಿರೆ

ಉತ್ತರ: ಪೇತ್ರನು ಅಲ್ಲಗಳೆದದ್ದು ಮಹಾಯಾಜಕನ ಅಂಗಳದಲ್ಲಿ, ಇದ್ದಲಿನ ಬೆಂಕಿಗೆ ಚಳಿ ಕಾಯಿಸಿಕೊಳ್ಳುತ್ತ ನಿಂತಾಗ (ಯೋಹಾನ 18:18). ಪುನರುತ್ಥಾನದ ನಂತರ ಯೇಸು ಸರೋವರದ ದಡದಲ್ಲಿ ಅವನಿಗೆ ಕಾಣಿಸಿದಾಗಲೂ ಅಲ್ಲಿ ಇದ್ದಲಿನ ಬೆಂಕಿ ಇತ್ತು, ಮೇಲೆ ಮೀನಿತ್ತು (21:9). ಹೊಸ ಒಡಂಬಡಿಕೆಯ ಮೂಲ ಗ್ರೀಕ್‌ನಲ್ಲಿ ಆ ಪದ ಬರುವುದು ಈ ಎರಡೇ ಕಡೆ. ಅದೇ ಬೆಂಕಿಯ ಪಕ್ಕದಲ್ಲಿ, ಮೊದಲು ಊಟ, ಆಮೇಲೆ ಮೂರು ಸಲ ಒಂದೇ ಪ್ರಶ್ನೆ: ನನ್ನನ್ನು ಪ್ರೀತಿಸುತ್ತೀಯಾ? ಯಾಕೆ ಹಾಗೆ ಮಾಡಿದೆ ಎಂದು ಯೇಸು ಒಮ್ಮೆಯೂ ಕೇಳಲಿಲ್ಲ.

ನಿಮ್ಮ ಪ್ರಶ್ನೆ ಸಭೆಗೆ ಹೊಸದಲ್ಲ. ಕ್ರಿ.ಶ. 250ರಲ್ಲಿ ರೋಮನ್ ಚಕ್ರವರ್ತಿ ಡೇಸಿಯಸ್ ಎಲ್ಲರೂ ದೇವತೆಗಳಿಗೆ ಬಲಿಕೊಟ್ಟು ಸರ್ಟಿಫಿಕೇಟ್ ಪಡೆಯಬೇಕೆಂದು ಆಜ್ಞೆ ಮಾಡಿದ. ಅಂಥ ಸರ್ಟಿಫಿಕೇಟುಗಳು ಈಜಿಪ್ಟಿನ ಮರಳಿನಲ್ಲಿ ಸಿಕ್ಕಿವೆ. ಹಲವು ಕ್ರೈಸ್ತರು ಬಲಿಕೊಟ್ಟರು, ಕೆಲವರು ಲಂಚ ಕೊಟ್ಟು ಕಾಗದ ಮಾತ್ರ ಮಾಡಿಸಿಕೊಂಡರು. ಹಿಂಸೆ ತಗ್ಗಿದ ಮೇಲೆ ಅವರೆಲ್ಲ ಅಳುತ್ತ ತಿರುಗಿ ಬಂದರು. ಅವರಿಗೆ ಸಭೆಯಲ್ಲಿ ಮತ್ತೆ ಜಾಗವೇ ಇಲ್ಲ ಎಂದ ನೊವಾತಿಯನ್‌ನ ಪಂಗಡವನ್ನು ಸಭೆ ಒಪ್ಪಲಿಲ್ಲ. ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಮತ್ತು ಜೊತೆಯ ಬಿಷಪರು 251ರಲ್ಲಿ ಸೇರಿ, ಕಾಗದ ಮಾಡಿಸಿದವರಿಗೆ ಬೇಗ, ಬಲಿಕೊಟ್ಟವರಿಗೆ ಹೆಚ್ಚು ಪಶ್ಚಾತ್ತಾಪದ ನಂತರ, ಹೀಗೆ ಬಾಗಿಲು ತೆರೆದರು. ಆ ಸಿಪ್ರಿಯನ್ ತಾನೇ 250ರಲ್ಲಿ ಊರುಬಿಟ್ಟು ಅಡಗಿದ್ದವನು. 258ರ ಸೆಪ್ಟೆಂಬರ್ 14ರಂದು ಓಡಿಹೋಗದೆ ಕತ್ತಿಗೆ ಕೊರಳು ಕೊಟ್ಟ. ಎರಡನೆಯ ಶತಮಾನದಲ್ಲಿ ಸ್ಮುರ್ನದಲ್ಲಿ ಇದಕ್ಕೆ ವಿರುದ್ಧವಾದದ್ದೂ ನಡೆಯಿತು: ಕ್ವಿಂತುಸ್ ಎಂಬವನು ತಾನಾಗಿ ಮುಂದೆ ನುಗ್ಗಿ ಹಿಡಿಸಿಕೊಂಡು, ಮೃಗಗಳನ್ನು ಕಂಡ ಕೂಡಲೇ ಸೋತ. ತೋಟದ ಮನೆಯಲ್ಲಿ ಅಡಗಿ, ಸಿಕ್ಕಿಬಿದ್ದಾಗ ಹಿಡಿಯಲು ಬಂದವರಿಗೆ ಊಟ ಹಾಕಿಸಿದ ಅಲ್ಲಿನ ಮುದಿ ಬಿಷಪ್ ಪಾಲಿಕಾರ್ಪ್ ಕೊನೆಯವರೆಗೂ ನಿಂತ.

ನಮ್ಮ ಪೂರ್ವಜರದೂ ಇದೇ ಕತೆ. 1784ರಿಂದ 1799ರವರೆಗೆ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಸೆರೆಯಲ್ಲಿ ಗುರುಗಳಿಲ್ಲದೆ ಇದ್ದವರಲ್ಲಿ ಬಲವಂತಕ್ಕೆ ಮತ ಬದಲಿಸಿದವರಿದ್ದರು. ಸೆರೆ ಬಿಟ್ಟ ಮೇಲೆ ಬದುಕುಳಿದವರು ಊರಿಗೆ ಬಂದು ಇಗರ್ಜಿಗಳನ್ನು ಮತ್ತೆ ಕಟ್ಟಿದರು. ಮೂಡುಬಿದಿರೆಯಿಂದ ಮಂಗಳೂರಿನವರೆಗೆ ಇವತ್ತು ಬೆಂಚುಗಳಲ್ಲಿ ಕೂರುವ ಎಷ್ಟೋ ಜನ ಅವರ ಸಂತತಿ.

ಈಗ ಮಾಡಬೇಕಾದದ್ದು. ಈ ವಾರವೇ ಪಾಪನಿವೇದನೆಗೆ ಹೋಗಿ. ನಿಮ್ಮೂರಲ್ಲಿ ಮುಜುಗರವಾದರೆ ಬೇರೆ ಇಗರ್ಜಿಗೆ ಹೋಗಬಹುದು. “ಹೆದರಿಕೆಯಿಂದ ನನ್ನ ವಿಶ್ವಾಸವನ್ನು ಒಮ್ಮೆ ಅಲ್ಲಗಳೆದೆ, ಎರಡು ತಿಂಗಳು ಪೂಜೆ ತಪ್ಪಿಸಿದೆ” ಎಂದರೆ ಸಾಕು, ವಿವರಣೆ ಬೇಡ. ಒತ್ತಾಯ, ಭಯದಲ್ಲಿ ಆಡಿದ ಮಾತಿನ ಹೊಣೆ ಕಡಿಮೆ ಎಂಬುದು ಸಭೆಯ ಬೋಧನೆ. ಪಾಪವಿಮೋಚನೆ ಸಿಕ್ಕಿದ ಮೇಲೆ ಪರಮಪ್ರಸಾದ ತೆಗೆದುಕೊಳ್ಳಿ, ಯೋಗ್ಯತೆ ಬರಲಿ ಎಂದು ಇನ್ನೂ ಕಾಯುತ್ತ ಕೂರಬೇಡಿ. ನಿಮ್ಮ ವಾಳೆಯ (ಇಗರ್ಜಿಯ ವಾರ್ಡಿನ) ಗುರಿಕಾರರಿಗೋ ನಂಬಿಕೆಯ ಒಬ್ಬರಿಗೋ ನಡೆದದ್ದನ್ನು ತಿಳಿಸಿ. ಅಡ್ಡಹಾಕಿದ್ದು ಅಪರಾಧ, ದೂರಿನ ಬಾಗಿಲು ಈಗಲೂ ಮುಚ್ಚಿಲ್ಲ. ತಡವಾದದ್ದಕ್ಕೆ ಹೆದರಿಕೆಯೇ ಕಾರಣ ಎಂದು ದೂರಿನಲ್ಲೇ ಬರೆಯಿರಿ.

ಆಮೇಲೆ ಮುಂದಿನ ಸಲಕ್ಕೆ ತಯಾರಿ. ಹೆದರಿದಾಗ ಬಾಯಿ ಒಣಗಿ ಮೊದಲು ನಾಲಗೆಗೆ ಬಂದದ್ದೇ ಹೊರಡುತ್ತದೆ, ಆದ್ದರಿಂದ ಬರಬೇಕಾದ ಮಾತನ್ನು ನಾಲಗೆಗೆ ಮೊದಲೇ ಕಲಿಸಬೇಕು. “ಹೌದು, ನಾನು ಕ್ರೈಸ್ತ. ಪುಸ್ತಕ ನನ್ನದು.” ಮನೆಯಲ್ಲಿ ಗಟ್ಟಿಯಾಗಿ, ದಿನಕ್ಕೆ ಹತ್ತು ಸಲ, ನಿಂತುಕೊಂಡು ಹೇಳಿ. ಅದರ ಮೇಲೆ ಯಾವ ಪ್ರಶ್ನೆ ಬಂದರೂ, ಯಾವ ಇಗರ್ಜಿ, ಯಾರು ಮತಾಂತರ ಮಾಡಿದ್ದು, ಎಷ್ಟು ದುಡ್ಡು ಕೊಟ್ಟರು, ಸುಮ್ಮನಿರಬಹುದು. ಹೆರೋದನ ಮುಂದೆ ಯೇಸು ಒಂದು ಮಾತೂ ಆಡಲಿಲ್ಲ. ಹಾಗೆ ಬಾಯಿ ಮುಚ್ಚಿ ನಿಂತರೆ ಅದು ಅಲ್ಲಗಳೆದ ಹಾಗಲ್ಲ.

ಬೈಬಲ್ ಅವರು ಒಯ್ದಿದ್ದರೆ ಇನ್ನೊಂದು ತೆಗೆದುಕೊಳ್ಳಿ. ಮೊದಲ ಒಂದೆರಡು ಭಾನುವಾರ ಅದೇ ಬಸ್‌ಸ್ಟ್ಯಾಂಡಿಗೆ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ.